ಎಲೆ ಕಿತ್ತರೆ ಹೂವು ಹೆಚ್ಚುತ್ತದೆಯೆ? – ಗಾಂಜಾ ಬೇಸಾಯದ ಒಂದು ನಂಬಿಕೆಯ ವಿಮರ್ಶೆ

'ಎಲೆ ಗಿಡದ ಅಡುಗೆಮನೆ' ಎಂದು ನೀವು ತರಗತಿಯಲ್ಲಿ ಎಷ್ಟೋ ಸಲ ಹೇಳಿರುತ್ತೀರಿ, ಇಲ್ಲವೆ ಕೇಳಿರುತ್ತೀರಿ. ಗಿಡ ಹೂ ಬಿಟ್ಟಿರುವಾಗ, ಅಂದರೆ ಊಟದ ಅಗತ್ಯ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲಿ, ಈ ಅಡುಗೆಮನೆಯನ್ನೇ ಕೆಡವಿದರೆ ಊಟ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ? ನಕ್ಕು ಸುಮ್ಮನಾಗಬೇಡಿ. ಉತ್ತರ ಅಮೆರಿಕದ ಗಾಂಜಾ ಬೆಳೆಗಾರರಲ್ಲಿ ಅನೇಕರು ಇದನ್ನು ಗಟ್ಟಿಯಾಗಿ ನಂಬಿದ್ದಾರೆ. ಹೂ ಬಿಡುವ ಹಂತದಲ್ಲಿ ಗಿಡದ ದೊಡ್ಡ ದೊಡ್ಡ ಎಲೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಅದರಿಂದ ಹೂಗೊಂಚಲು ದಪ್ಪವಾಗುತ್ತದೆ, ಅದರ ಸತ್ವವೂ ಹೆಚ್ಚುತ್ತದೆ ಎನ್ನುತ್ತಾರೆ. ಕೊಲರಾಡೊ ರಾಜ್ಯದಲ್ಲಿ 'ಶ್ವಾಜಿಂಗ್' ಎಂಬ ವಿಚಿತ್ರ ಹೆಸರಿನ ಒಂದು ಪದ್ಧತಿಯೇ ಬಳಕೆಗೆ ಬಂದಿದೆ. ಅದರ ಪ್ರಕಾರ ಹೂ ಹಂತದ ಮೊದಲ ದಿನ ಒಮ್ಮೆ, ಸುಮಾರು ಇಪ್ಪತ್ತನೆಯ ದಿನ ಮತ್ತೊಮ್ಮೆ ದೊಡ್ಡ ಎಲೆಗಳನ್ನೆಲ್ಲ ಬೋಳಿಸಬೇಕು.

ಈ ನಂಬಿಕೆಯನ್ನು ಇಲ್ಲಿ ಒರೆಗೆ ಹಚ್ಚೋಣ. ಗಾಂಜಾ ಬೆಳೆಯುವುದನ್ನು ಕಲಿಸುವುದು ಇದರ ಉದ್ದೇಶವಲ್ಲ. ಸರ್ಕಾರದ ಅನುಮತಿಯಿಲ್ಲದೆ ಈ ಗಿಡವನ್ನು ಬೆಳೆಸುವುದು ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಅಪರಾಧ. ಆದರೂ ಈ ಪ್ರಶ್ನೆ ನಮಗೆ ಬೇಕು. ಎಲೆಗೂ ಹೂವಿಗೂ ಇರುವ ಸಂಬಂಧವೇನು, ಒಂದು ಕೃಷಿ ಪದ್ಧತಿ 'ಫಲ ಕೊಟ್ಟಿತು' ಎಂದು ಹೇಳಲು ಎಂಥ ಪುರಾವೆ ಬೇಕು ಎಂಬ ಎರಡು ಪಾಠಗಳು ಇದರಲ್ಲಿ ಅಡಗಿವೆ. ಎರಡೂ ಪಾಠಗಳು ನಮ್ಮ ಹೊಲಗಳಿಗೂ ಅನ್ವಯಿಸುತ್ತವೆ.

ಭಂಗಿ ಬೇರೆ, ಗಾಂಜಾ ಬೇರೆ

ಗಿಡ ಒಂದೇ ಆದರೂ ಜನ ಅದರ ಎಲೆಯನ್ನು 'ಭಂಗಿ ಸೊಪ್ಪು' ಎಂದೂ ಹೂಗೊಂಚಲನ್ನು 'ಗಾಂಜಾ' ಎಂದೂ ಬೇರೆ ಬೇರೆಯಾಗಿ ಕರೆದಿದ್ದಾರೆ. ಕಾನೂನು ಕೂಡ ಹಾಗೆಯೇ ಮಾಡಿದೆ. 1985ರ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯಲ್ಲಿ ಸೇರುವುದಿಲ್ಲ.

ಈ ಭೇದಕ್ಕೆ ಸಸ್ಯವಿಜ್ಞಾನದ ಆಧಾರವಿದೆ. ಗಾಂಜಾ ಗಿಡದಲ್ಲಿ ಗಂಡು ಹೂ ಬಿಡುವ ಗಿಡವೇ ಬೇರೆ, ಹೆಣ್ಣು ಹೂ ಬಿಡುವ ಗಿಡವೇ ಬೇರೆ. ಹೆಣ್ಣು ಹೂವನ್ನು ಸುತ್ತುವರಿದ ಪುಟ್ಟ ಎಲೆಯಂಥ ಭಾಗಗಳ ಮೇಲೆ ಸೂಕ್ಷ್ಮವಾದ ಗ್ರಂಥಿರೋಮಗಳು ಒತ್ತಾಗಿ ಬೆಳೆಯುತ್ತವೆ. ಗುಂಡುಸೂಜಿಯಂತೆ ಒಂದು ಕಾಂಡ, ಅದರ ತುದಿಯಲ್ಲಿ ಒಂದು ತಲೆ. ಇಸ್ರೇಲಿನ ಗಾವೋನಿ ಮತ್ತು ಮೆಶುಲಮ್ 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆ ತಿಳಿಸಿದ ಟಿ.ಎಚ್.ಸಿ. ಎಂಬ ಮತ್ತು ಬರಿಸುವ ರಾಸಾಯನಿಕದ ಮೂಲವಸ್ತು ತಯಾರಾಗುವುದು ಈ ತಲೆಯೊಳಗಿನ ಕೋಶಗಳಲ್ಲಿ. ದೊಡ್ಡ ಎಲೆಗಳು ಅದನ್ನು ತಯಾರಿಸಿ ಹೂವಿಗೆ ಕಳಿಸುವುದಿಲ್ಲ. ಅವು ಕಳಿಸುವುದು ಸಕ್ಕರೆಯನ್ನು. ಹೊಗೆಸೊಪ್ಪಿನ ಗಿಡದಲ್ಲಿ ನಿಕೊಟಿನ್ ಬೇರಿನಲ್ಲಿ ತಯಾರಾಗಿ ಎಲೆಗೆ ಸಾಗಿಬರುತ್ತದೆ. ಗಾಂಜಾದಲ್ಲಿ ಅಂಥ ಸಾಗಾಟವಿಲ್ಲ, ಕಾರ್ಖಾನೆ ಹೂವಿನ ಮೇಲೆಯೇ ಇದೆ. ಆದರೆ ಆ ಕಾರ್ಖಾನೆಗೆ ಬೇಕಾದ ಕಚ್ಚಾ ಮಾಲಿನ ಬಹುಪಾಲು ಬರುವುದು ಎಲೆಯಿಂದ.

ಬೆಳೆಗಾರರ ವಾದವೇನು?

ವಿಮರ್ಶೆ ಮಾಡುವವರು ಮೊದಲು ಎದುರಾಳಿಯ ವಾದವನ್ನು ಅದರ ಬಲವಾದ ರೂಪದಲ್ಲಿಯೇ ಮುಂದಿಡಬೇಕು. ಎಲೆ ಕೀಳುವವರು ಕೊಡುವ ಕಾರಣಗಳು ನಾಲ್ಕು.

ಒಂದು, ಮೇಲಿನ ಎಲೆಗಳು ಕೆಳಗಿನ ಹೂಗೊಂಚಲುಗಳಿಗೆ ನೆರಳಾಗುತ್ತವೆ. ಎಲೆ ತೆಗೆದರೆ ಬೆಳಕು ಒಳಗೆ ಇಳಿಯುತ್ತದೆ. ಎರಡು, ನೆರಳಿನಲ್ಲಿರುವ ಕೆಳಗಿನ ಎಲೆಗಳು ದುಡಿಯದೆ ತಿನ್ನುವ ಬಾಯಿಗಳು. ಅವನ್ನು ತೆಗೆದರೆ ಆ ಆಹಾರ ಹೂವಿಗೆ ಉಳಿಯುತ್ತದೆ. ಮೂರು, ಎಲೆ ಕಡಿಮೆಯಾದರೆ ಗಾಳಿಯಾಡಿ, ತೇವ ಆರಿ, ಬೂಷ್ಟು ರೋಗ ತಗ್ಗುತ್ತದೆ. ನಾಲ್ಕು, ಎಲ್ಲಕ್ಕಿಂತ ದೊಡ್ಡದು: 'ನಾವು ಮಾಡಿ ನೋಡಿದ್ದೇವೆ, ಎಲೆ ಕಿತ್ತ ವಾರದಲ್ಲೇ ಹೂವು ಉಬ್ಬುತ್ತದೆ.'

ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ.

ಬೆಳಕಿನ ಲೆಕ್ಕ

ಎಲೆಗಳ ಹಂದರದೊಳಗೆ ಬೆಳಕು ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ಜಪಾನಿನ ಮೊನ್ಸಿ ಮತ್ತು ಸಾಯೆಕಿ 1953ರಲ್ಲಿ ಲೆಕ್ಕಕ್ಕೆ ಇಳಿಸಿದರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಚದರ ಮೀಟರಿನಷ್ಟು ಎಲೆ ಹರಡಿದ್ದರೆ ಅದನ್ನು ಒಂದು ಪದರ ಎನ್ನೋಣ. ಅಗಲವಾದ, ಬಹುಮಟ್ಟಿಗೆ ಅಡ್ಡಲಾಗಿ ಹರಡಿದ ಎಲೆಗಳ ಒಂದು ಪದರ ದಾಟುವಾಗ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಭಾವಿಸಿ. ಮೇಲೆ 100 ಪಾಲು ಬೆಳಕು ಬಿದ್ದರೆ ಮೊದಲ ಪದರದ ಕೆಳಗೆ 50, ಎರಡನೆಯದರ ಕೆಳಗೆ 25, ಮೂರನೆಯದರ ಕೆಳಗೆ 12, ನಾಲ್ಕನೆಯದರ ಕೆಳಗೆ 6. ಅಂದರೆ ನಾಲ್ಕು ಪದರವುಳ್ಳ ಗಿಡ 94 ಪಾಲು ಬೆಳಕನ್ನು ಹಿಡಿಯುತ್ತದೆ. 6 ಪಾಲು ಮಾತ್ರ ನೆಲಕ್ಕೆ ಹೋಗುತ್ತದೆ.

ಈಗ ಎರಡು ಪದರದಷ್ಟು ಎಲೆ ಕಿತ್ತುಹಾಕಿ. ಒಳಗಿನ ಹೂಗೊಂಚಲಿಗೆ ಮೊದಲಿಗಿಂತ ಹೆಚ್ಚು ಬೆಳಕು ಬೀಳುತ್ತದೆ, ನಿಜ. ಬೆಳೆಗಾರ ಕಣ್ಣಾರೆ ನೋಡುವುದೂ ಅದನ್ನೇ. ಆದರೆ ಈಗ ಎಲೆಗಳು ಹಿಡಿಯುವ ಬೆಳಕು 75 ಪಾಲು. ಉಳಿದ 25 ಪಾಲಿನಲ್ಲಿ ಸ್ವಲ್ಪವನ್ನು ಹಸಿರು ಹೂಗೊಂಚಲು, ಕಾಂಡಗಳು ಹಿಡಿದಾವು. ಬಹುಪಾಲು ಕುಂಡದ ಮಣ್ಣಿನ ಮೇಲೆ ಬೀಳುತ್ತದೆ. ಹೂವಿಗೆ ಬೆಳಕು ಹೆಚ್ಚಾಯಿತು, ಗಿಡಕ್ಕೆ ಬೆಳಕು ಕಡಿಮೆಯಾಯಿತು. ಹೂವಿನ ತೂಕವನ್ನು ನಿರ್ಧರಿಸುವುದು ಇವೆರಡರಲ್ಲಿ ಯಾವುದು? ವಿಮರ್ಶೆಯ ತಿರುಳು ಇಲ್ಲಿದೆ.

ಕೆನಡಾ ದೇಶ 2018ರ ಅಕ್ಟೋಬರಿನಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಹೆಚ್ಚಿತು. ಗ್ವೆಲ್ಫ್ ವಿಶ್ವವಿದ್ಯಾಲಯದ ರೊಡ್ರಿಗಜ್-ಮಾರಿಸನ್, ಲೆವೆಲಿನ್ ಮತ್ತು ಝೆಂಗ್ 2021ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಅವರು ಹೂ ಹಂತದ ಗಿಡಗಳಿಗೆ ಬೇರೆ ಬೇರೆ ಪ್ರಮಾಣದ ಬೆಳಕು ಕೊಟ್ಟರು. ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ ಬೆಳಕನ್ನು ಅಳೆಯುವ ಮೈಕ್ರೊಮೋಲ್ ಎಂಬ ಮಾನದಲ್ಲಿ, ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 120ರಿಂದ 1800ರವರೆಗೆ. ಒಣಗಿದ ಹೂಗೊಂಚಲಿನ ಇಳುವರಿ ಚದರ ಮೀಟರಿಗೆ 116 ಗ್ರಾಂನಿಂದ 519 ಗ್ರಾಂಗೆ, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಏರಿತು. ಏರಿಕೆ ಸರಳರೇಖೆಯಲ್ಲಿತ್ತು.

ಇದರಿಂದ ಮೂರು ಸಂಗತಿ ತಿಳಿಯುತ್ತದೆ. ಮೊದಲನೆಯದು, ಈ ಗಿಡದಲ್ಲಿ ಹೂವಿನ ತೂಕ ಗಿಡಕ್ಕೆ ದೊರೆಯುವ ಒಟ್ಟು ಬೆಳಕಿಗೆ ಕಟ್ಟುಬಿದ್ದಿದೆ. ಹೂವು ಇನ್ನಷ್ಟು ಆಹಾರ ಕೊಟ್ಟರೆ ಇನ್ನಷ್ಟು ಬೆಳೆಯಲು ಸಿದ್ಧವಾಗಿದೆ. ಕೊರತೆ ಇರುವುದು ಪೂರೈಕೆಯಲ್ಲಿ. ಎರಡನೆಯದು, ಒಂಟಿ ಎಲೆಯನ್ನು ಅಳೆದಾಗ ಅದರ ದ್ಯುತಿಸಂಶ್ಲೇಷಣೆ 1800ಕ್ಕಿಂತ ಬಹಳ ಮೊದಲೇ ಮಿತಿ ತಲುಪಿತ್ತು; ಆದರೂ ಇಡೀ ಗಿಡಗಳ ಇಳುವರಿ ಏರುತ್ತಲೇ ಇತ್ತು. ಮೇಲಿನ ಎಲೆ ತುಂಬಿದ ಮೇಲೂ ಅದರ ಕೆಳಗಿನ ಎಲೆಗಳಿಗೆ ಇನ್ನೂ ಜಾಗವಿತ್ತು ಎಂಬುದು ಇದಕ್ಕೆ ಸಹಜ ವಿವರಣೆ. ಹಾಗಿದ್ದರೆ ಕೆಳಗಿನ ಎಲೆಗಳು ಸೋಮಾರಿಗಳಲ್ಲ. ಮೂರನೆಯದು, ಬೆಳಕು ಹದಿನೈದು ಪಟ್ಟು ಹೆಚ್ಚಿದರೂ ಹೂವಿನ ಟಿ.ಎಚ್.ಸಿ. ಪ್ರಮಾಣದ ಸಾಂದ್ರತೆ ಬದಲಾಗಲಿಲ್ಲ. 'ಹೂವಿಗೆ ಬೆಳಕು ಬಿದ್ದರೆ ಸತ್ವ ಹೆಚ್ಚುತ್ತದೆ' ಎಂಬ ಮಾತಿಗೆ ಇದರಿಂದ ಬೆಂಬಲ ಸಿಗುವುದಿಲ್ಲ. ಇದು ಎಲೆ ಕಿತ್ತು ನೋಡಿದ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಆದರೆ ಎಲೆ ಕೀಳುವವರ ವಾದ ನಿಂತಿರುವುದೇ ಬೆಳಕಿನ ಮೇಲೆ. ಆದ್ದರಿಂದ ಬೆಳಕಿನ ಪ್ರಯೋಗಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ.

ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಮೇಲಿನ ಎಲೆ ಬಳಸಲಾಗದ ಬೆಳಕನ್ನು ಕೆಳಗಿನ ಎಲೆಗೆ ಹಂಚಿದರೆ ಒಟ್ಟು ದುಡಿಮೆ ಹೆಚ್ಚಬಹುದು ಎಂಬ ತತ್ತ್ವ ಸರಿಯಾದದ್ದೇ. 1966ರಲ್ಲಿ ಬಿಡುಗಡೆಯಾದ ಐ.ಆರ್. 8 ಭತ್ತದ ಎಲೆಗಳು ನೆಟ್ಟಗೆ ನಿಂತಿದ್ದವು. ಬೆಳಕು ಬುಡದವರೆಗೆ ಇಳಿಯುತ್ತಿತ್ತು. ಅದರ ಹೆಚ್ಚಿನ ಇಳುವರಿಗೆ ಇದೂ ಒಂದು ಕಾರಣ. ಆದರೆ ಗಮನಿಸಿ: ಅಲ್ಲಿ ಒಂದು ಎಲೆಯನ್ನೂ ಎಸೆಯಲಿಲ್ಲ, ಎಲೆಯ ಕೋನ ಬದಲಾಯಿತು. ಬೆಳಕು ಹಂಚುವುದೇ ಗುರಿಯಾದರೆ ಗಿಡಗಳ ನಡುವೆ ಅಂತರ ಕೊಡಬಹುದು, ಕೊಂಬೆಗಳನ್ನು ಬಾಗಿಸಿ ಕಟ್ಟಬಹುದು, ಎಲೆಯನ್ನು ಪಕ್ಕಕ್ಕೆ ಸರಿಸಬಹುದು. ಎಲೆಯನ್ನು ಉಳಿಸಿಕೊಂಡೇ ಬೆಳಕು ಪಡೆಯುವ ದಾರಿಗಳಿರುವಾಗ ಕತ್ತರಿಯೇ ಏಕೆ ಬೇಕು ಎಂದು ಕೇಳಬೇಕಾಗುತ್ತದೆ.

ಕೊಡುವ ಎಲೆ, ಪಡೆಯುವ ಎಲೆ

ಎರಡನೆಯ ವಾದಕ್ಕೆ ಬರೋಣ. ನೆರಳಿನ ಎಲೆ ಗಿಡದ ಆಹಾರವನ್ನು ತಿನ್ನುತ್ತದೆಯೆ?

ಸಕ್ಕರೆ ಎಲೆಯಿಂದ ತೊಗಟೆಯ ಆಹಾರವಾಹಕ ನಾಳಗಳ ಮೂಲಕ ಸಾಗುತ್ತದೆ ಎಂಬುದನ್ನು ಮೇಸನ್ ಮತ್ತು ಮ್ಯಾಸ್ಕೆಲ್ 1928ರಲ್ಲಿ ಟ್ರಿನಿಡಾಡಿನ ಹತ್ತಿ ಗಿಡಗಳಲ್ಲಿ ವಿವರವಾಗಿ ತೋರಿಸಿದರು. ಜರ್ಮನಿಯ ಅರ್ನ್‌ಸ್ಟ್ ಮ್ಯೂಂಕ್ 1930ರಲ್ಲಿ ಅದಕ್ಕೆ ಒತ್ತಡದ ಹರಿವಿನ ಸಿದ್ಧಾಂತ ಕೊಟ್ಟರು. ಸಕ್ಕರೆ ತುಂಬುವ ತುದಿಯಲ್ಲಿ ಒತ್ತಡ ಹೆಚ್ಚು, ಬಳಕೆಯಾಗುವ ತುದಿಯಲ್ಲಿ ಕಡಿಮೆ. ಹರಿವು ಹೆಚ್ಚಿನ ಕಡೆಯಿಂದ ಕಡಿಮೆಯ ಕಡೆಗೆ. ತುಂಬುವ ಭಾಗವನ್ನು 'ಆಕರ' ಎಂದೂ ಸೆಳೆಯುವ ಭಾಗವನ್ನು 'ಗ್ರಾಹಕ' ಎಂದೂ ಕರೆಯೋಣ.

ಎಳೆಯ ಎಲೆ ಗ್ರಾಹಕ. ಅದು ಬೇರೆ ಎಲೆಗಳ ಸಕ್ಕರೆಯಿಂದ ಬೆಳೆಯುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ತುದಿಯಿಂದ ಬುಡದ ಕಡೆಗೆ ಅದು ಆಕರವಾಗಿ ಮಾರ್ಪಡುತ್ತದೆ. ಒಮ್ಮೆ ಹೀಗೆ ಮಾರ್ಪಟ್ಟ ಎಲೆ ಸಾಮಾನ್ಯವಾಗಿ ಮತ್ತೆ ಗ್ರಾಹಕವಾಗುವುದಿಲ್ಲ. ಅಮೆರಿಕದ ರಾಬರ್ಟ್ ಟರ್ಜನ್ ಹೊಗೆಸೊಪ್ಪು ಮೊದಲಾದ ಗಿಡಗಳಲ್ಲಿ ಈ ಮಾರ್ಪಾಡನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖರು. ಬಲಿತ ಎಲೆಯನ್ನು ಕತ್ತಲಲ್ಲಿಟ್ಟರೂ ಅದು ಗಿಡದಿಂದ ಸಕ್ಕರೆ ಬೇಡುವುದಿಲ್ಲ; ತನ್ನಲ್ಲಿರುವುದನ್ನು ಖರ್ಚು ಮಾಡಿ ಹಳದಿಯಾಗಿ ಉದುರುತ್ತದೆ. ಹೀಗಾಗಿ 'ತಿನ್ನುವ ಬಾಯಿ' ಎಂಬ ಆರೋಪ ಬಲಿತ ಎಲೆಯ ಮೇಲೆ ನಿಲ್ಲುವುದಿಲ್ಲ.

ಅಷ್ಟೇ ಅಲ್ಲ. ಎಲೆ ಅಡುಗೆಮನೆ ಮಾತ್ರವಲ್ಲ, ಉಗ್ರಾಣವೂ ಹೌದು. ಇದನ್ನು ನಾವು ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಹಸಿರು ಎಲೆಯ ಪ್ರೋಟೀನಿನಲ್ಲಿ ದೊಡ್ಡ ಪಾಲು ರುಬಿಸ್ಕೊ ಎಂಬ ಕಿಣ್ವದ್ದು. ಅದು ಇಂಗಾಲವನ್ನು ಹಿಡಿಯುವ ಯಂತ್ರವೂ ಹೌದು, ಸಾರಜನಕದ ಗಂಟೂ ಹೌದು. ಎಲೆ ಮುಪ್ಪಾಗುವಾಗ ಗಿಡ ಆ ಪ್ರೋಟೀನನ್ನು ಒಡೆದು ಸಾರಜನಕವನ್ನು ಹೂವಿಗೆ, ಬೀಜಕ್ಕೆ ವರ್ಗಾಯಿಸುತ್ತದೆ. ಹಳದಿಯಾಗಿ ತಾನಾಗಿ ಉದುರಿದ ಎಲೆ ತನ್ನ ಗಂಟನ್ನು ಕೊಟ್ಟು ಹೋದ ಎಲೆ. ಹಸಿರಾಗಿರುವಾಗಲೇ ಕಿತ್ತ ಎಲೆ ಗಂಟಿನ ಸಮೇತ ಕಸದ ಬುಟ್ಟಿಗೆ ಹೋಗುತ್ತದೆ.

ಗಿಡವೇನೂ ಸುಮ್ಮನಿರುವುದಿಲ್ಲ. ಕೆಲವು ಎಲೆ ಹೋದಾಗ ಉಳಿದ ಎಲೆಗಳು ಹೆಚ್ಚು ದುಡಿಯುವುದು ಅನೇಕ ಸಸ್ಯಗಳಲ್ಲಿ ಕಂಡಿದೆ. ಸ್ವಲ್ಪ ಎಲೆ ಕಿತ್ತರೆ ಇಳುವರಿ ಕಾಣುವಷ್ಟು ಇಳಿಯದಿರುವುದಕ್ಕೆ ಇದೇ ಕಾರಣ. ಸೋಯಾ ಬೆಳೆಯಲ್ಲಿ ಎಲೆ ತಿನ್ನುವ ಹುಳುಗಳಿಗೆ ಔಷಧಿ ಹೊಡೆಯಲು ಅಮೆರಿಕದಲ್ಲಿ ಬಳಸುವ ಮಿತಿಯನ್ನು ನೋಡಿ: ಹೂ ಬರುವ ಮೊದಲು ಶೇಕಡಾ 30ರಷ್ಟು ಎಲೆ ಹೋಗುವವರೆಗೆ ಕಾಯಬಹುದು, ಹೂ ಮತ್ತು ಕಾಯಿಯ ಹಂತದಲ್ಲಿ ಶೇಕಡಾ 20 ಮಾತ್ರ. ನಷ್ಟ ತಡೆದುಕೊಳ್ಳುವ ಶಕ್ತಿ ಗಿಡಕ್ಕಿದೆ. ಹೂ ಬಂದ ಮೇಲೆ ಆ ಶಕ್ತಿ ಕಡಿಮೆ. ಆದರೆ 'ನಷ್ಟ ತಡೆದುಕೊಂಡಿತು' ಎಂಬುದಕ್ಕೂ 'ಲಾಭವಾಯಿತು' ಎಂಬುದಕ್ಕೂ ಅಜಗಜಾಂತರವಿದೆ. ಎಲೆ ಕೀಳುವವರು ಮೊದಲನೆಯದನ್ನು ಎರಡನೆಯದಾಗಿ ಓದುತ್ತಾರೆ.

ದ್ರಾಕ್ಷಿ ಹೇಳುವ ಪಾಠ

ಮೂರನೆಯ ವಾದ, ಅಂದರೆ ಗಾಳಿ ಮತ್ತು ರೋಗದ ಮಾತು, ನಾಲ್ಕರಲ್ಲಿ ಹೆಚ್ಚು ಗಟ್ಟಿಯಾದದ್ದು. ಗಾಂಜಾದ ದಟ್ಟ ಹೂಗೊಂಚಲಿಗೆ ಬೊಟ್ರೈಟಿಸ್ ಎಂಬ ಬೂದುಬಣ್ಣದ ಶಿಲೀಂಧ್ರ ದೊಡ್ಡ ಶತ್ರು. ಅದೇ ಶಿಲೀಂಧ್ರ ದ್ರಾಕ್ಷಿ ಗೊನೆಯನ್ನೂ ಕೊಳೆಸುತ್ತದೆ. ಗೊನೆಯ ಸುತ್ತಲಿನ ಎಲೆಗಳನ್ನು ತೆಗೆದರೆ ಕೊಳೆ ತಗ್ಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಗಬ್ಲರ್ ಮತ್ತು ಸಂಗಡಿಗರು 1987ರಲ್ಲಿಯೇ ವರದಿ ಮಾಡಿದ್ದರು. ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಬೆಳೆಸಿದ ಗಿಡದಿಂದ ಒಂದಷ್ಟು ಎಲೆ ತೆಗೆಯುವುದಕ್ಕೆ ಇದು ಒಪ್ಪಬಹುದಾದ ಕಾರಣ. ಆದರೆ ಇದು ಇರುವ ಬೆಳೆಯನ್ನು ಉಳಿಸಿಕೊಳ್ಳುವ ಕ್ರಮ. ಬೆಳೆಯನ್ನು ಹೆಚ್ಚಿಸುವ ಕ್ರಮವಲ್ಲ.

ಅದೇ ದ್ರಾಕ್ಷಿ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಇಟಲಿಯ ಸ್ಟೆಫಾನೊ ಪೋನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೂ ಅರಳುವ ಆಸುಪಾಸಿನಲ್ಲೇ ಚಿಗುರಿನ ಬುಡದ ಎಲೆಗಳನ್ನು ತೆಗೆದರು. ಫಲವೇನು? ಕಾಯಿಕಟ್ಟುವುದು ಕಡಿಮೆಯಾಯಿತು, ಗೊನೆ ಹಗುರವಾಯಿತು, ಇಳುವರಿ ಇಳಿಯಿತು. ಅವರಿಗೆ ಬೇಕಾಗಿದ್ದದ್ದೂ ಅದೇ! ಅತಿಯಾಗಿ ಕಾಯಿಬಿಡುವ ತಳಿಗಳಲ್ಲಿ ಗೊನೆ ಬಿಡಿಬಿಡಿಯಾಗಿ, ಹಣ್ಣಿನ ಗುಣ ಹೆಚ್ಚಲಿ ಎಂದು ಇಳುವರಿ ತಗ್ಗಿಸಲು ಅವರು ಆ ದಾರಿ ಹಿಡಿದಿದ್ದರು. ಒಂದು ಬೆಳೆಯಲ್ಲಿ ಇಳುವರಿ ತಗ್ಗಿಸಲು ಬಳಸುವ ಉಪಾಯವನ್ನು ಇನ್ನೊಂದು ಬೆಳೆಯಲ್ಲಿ ಇಳುವರಿ ಹೆಚ್ಚಿಸುವ ಮಂತ್ರವೆಂದು ಹೇಳುವವರು ಗಟ್ಟಿಯಾದ ಪುರಾವೆ ಕೊಡಬೇಕು.

ವಿಜಯಪುರ, ಬಾಗಲಕೋಟೆ ಕಡೆಯ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: 'ನಾವು ಏಪ್ರಿಲ್‌ನಲ್ಲಿ, ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡುತ್ತೇವಲ್ಲ, ಅದರಿಂದಲೇ ಅಲ್ಲವೆ ಬೆಳೆ ಬರುವುದು?' ಚಾಟ್ನಿ ಬೇರೆ, ಇದು ಬೇರೆ. ಅಲ್ಲಿ ಕಡ್ಡಿ ಕತ್ತರಿಸಿ ಯಾವ ಮೊಗ್ಗು ಚಿಗುರಬೇಕೆಂದು ನಿರ್ಧರಿಸುತ್ತೇವೆ. ಹೂ ಬಿಟ್ಟ ಬಳ್ಳಿಯ ಎಲೆ ಬೋಳಿಸುವುದಿಲ್ಲ.

ಮೂರು ಕೆಲಸ, ಒಂದೇ ಹೆಸರು

ಗಾಂಜಾ ಬೆಳೆಗಾರರ ಮಾತಿನಲ್ಲಿಯೂ ಇದೇ ಗೊಂದಲವಿದೆ. ಕುಡಿ ಚಿವುಟುವುದು, ಕೆಳಗಿನ ಕೊಂಬೆ ಸವರುವುದು, ಎಲೆ ಕೀಳುವುದು ಎಂಬ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಒಂದರ ಯಶಸ್ಸು ಇನ್ನೊಂದರ ಖಾತೆಗೆ ಜಮೆಯಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ಕಡಲೆ ಬಿತ್ತಿದ ಸುಮಾರು ಒಂದು ತಿಂಗಳಿಗೆ ಕುಡಿ ಚಿವುಟುವುದನ್ನು ನೀವು ನೋಡಿರಬಹುದು. ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ, ಗಿಡ ಕವಲೊಡೆಯುತ್ತದೆ. ತುದಿಮೊಗ್ಗು ಸ್ರವಿಸುವ ಆಕ್ಸಿನ್ ಹಾರ್ಮೋನಿನ ಹಿಡಿತ ತಪ್ಪಿ ಪಕ್ಕದ ಮೊಗ್ಗುಗಳು ಏಳುತ್ತವೆ. ಇದು ಹೂವಿಗೆ ಮುಂಚಿನ ಕೆಲಸ. ಹೂ ಬಿಡುವ ತುದಿಗಳ ಸಂಖ್ಯೆ ಹೆಚ್ಚಿಸುವ ಕೆಲಸ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಅಲ್ಲಿ ಹೂವನ್ನು ಮುರಿದುಹಾಕುತ್ತಾರೆ, ಎಲೆ ದಪ್ಪವಾಗುತ್ತದೆ. ಹೂವೆಂಬ ದೊಡ್ಡ ಗ್ರಾಹಕವನ್ನು ತೆಗೆದಾಗ ಆಹಾರ ಎಲೆಯಲ್ಲಿ ಉಳಿಯುತ್ತದೆ. ಗ್ರಾಹಕವನ್ನು ತೆಗೆದರೆ ಆಕರ ಕೊಬ್ಬುತ್ತದೆ ಎಂಬುದು ಅರ್ಥವಾಗುತ್ತದೆ. ಆಕರವನ್ನು ತೆಗೆದರೆ ಗ್ರಾಹಕ ಕೊಬ್ಬುತ್ತದೆ ಎಂಬುದು ಇದರ ಕನ್ನಡಿಬಿಂಬದಂತೆ ಕಂಡರೂ ಅದೇ ತರ್ಕದಿಂದ ಹೊರಡುವುದಿಲ್ಲ.

ಗಾಂಜಾ ಗಿಡದಲ್ಲಿ ಬುಡದ ದುರ್ಬಲ ಕೊಂಬೆಗಳನ್ನು ತೆಗೆಯುವುದು ಕೆಲವು ಗ್ರಾಹಕಗಳನ್ನು ತೆಗೆದಂತೆ. ಅದರ ಉಪಯೋಗ ಬೇರೆಯೇ ಇದೆ. ಇಸ್ರೇಲಿನ ವೊಲ್ಕಾನಿ ಸಂಸ್ಥೆಯ ನಿರಿತ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರು ಔಷಧೀಯ ಗಾಂಜಾ ಗಿಡದ ಮೇಲಿನ ಮತ್ತು ಕೆಳಗಿನ ಹೂಗೊಂಚಲುಗಳ ರಾಸಾಯನಿಕ ಪ್ರಮಾಣ ಒಂದೇ ಆಗಿರುವುದಿಲ್ಲ ಎಂದು ತೋರಿಸಿದ್ದಾರೆ. ಗಿಡದ ಆಕಾರವನ್ನು ಸವರುವಿಕೆಯಿಂದ ಬದಲಿಸಿ ಈ ವ್ಯತ್ಯಾಸವನ್ನು ತಗ್ಗಿಸಬಹುದು ಎಂಬುದು ಡಾಂಜಿಗರ್ ಮತ್ತು ಬರ್ನ್‌ಸ್ಟೈನ್ 2021ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ. ಅವರು ಕೇಳಿದ ಮುಖ್ಯ ಪ್ರಶ್ನೆ 'ಎಷ್ಟು ಹೆಚ್ಚು?' ಎಂಬುದಲ್ಲ, 'ಎಷ್ಟು ಸಮಾನ?' ಎಂಬುದು. ನೋವಿಗೋ ಇನ್ನೊಂದು ಕಾಯಿಲೆಗೋ ವೈದ್ಯರ ಸಲಹೆಯಂತೆ ಈ ಹೂವನ್ನು ಪಡೆಯುವ ರೋಗಿಗೆ ಅದು ಮುಖ್ಯವಾದ ಪ್ರಶ್ನೆ. ಮಾತ್ರೆಯಲ್ಲಿ ಮಿಲಿಗ್ರಾಂ ಬರೆದಿರುತ್ತದೆ. ಹೂವಿನ ಮೇಲೆ ಬರೆದಿರುವುದಿಲ್ಲ. ಈ ತಿಂಗಳ ಪೊಟ್ಟಣಕ್ಕೆ ಮೇಲಿನ ಹೂವು, ಮುಂದಿನ ತಿಂಗಳ ಪೊಟ್ಟಣಕ್ಕೆ ಕೆಳಗಿನ ಹೂವು ಬಂದರೆ ಮದ್ದಿನ ಅಳತೆಯೇ ತಪ್ಪುತ್ತದೆ. ಇಂಥ ಎಚ್ಚರದ ಸಂಶೋಧನೆಯನ್ನು ಉಲ್ಲೇಖಿಸಿ 'ನೋಡಿ, ಎಲೆ ಕಿತ್ತರೆ ಒಳ್ಳೆಯದೆಂದು ವಿಜ್ಞಾನವೇ ಹೇಳಿದೆ' ಎನ್ನುವುದು ಸರಿಯಲ್ಲ.

'ಮಾಡಿ ನೋಡಿದ್ದೇವೆ'

ನಾಲ್ಕನೆಯ ವಾದ ಅನುಭವದ್ದು. ಅದನ್ನು ಹಗುರವಾಗಿ ಕಾಣಬಾರದು. 1961ರ ಅಂತರರಾಷ್ಟ್ರೀಯ ಒಪ್ಪಂದದ ನಂತರ ಈ ಗಿಡದ ಮೇಲೆ ಮುಕ್ತ ಸಂಶೋಧನೆ ಬಹುಕಾಲ ಕಷ್ಟವಾಗಿತ್ತು. ತಿಳಿವಳಿಕೆ ಬೆಳೆದದ್ದು ಕದ್ದು ಬೆಳೆಯುವವರ ಕೈಯಲ್ಲಿ. ಆ ತಿಳಿವಳಿಕೆಯಲ್ಲಿ ಗಟ್ಟಿಕಾಳೂ ಇದೆ. ಗಂಡು ಗಿಡಗಳನ್ನು ಕಿತ್ತುಹಾಕಿದರೆ ಹೆಣ್ಣು ಹೂಗಳು ಬೀಜ ಕಟ್ಟದೆ ಹೆಚ್ಚು ರಾಳ ಕೊಡುತ್ತವೆ ಎಂಬುದು ಹಳೆಯ ಅನುಭವ. 1893-94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗದ ವರದಿಯಲ್ಲಿ ಬಂಗಾಳದ ಬೆಳೆಗಾರರು ಗಂಡು ಗಿಡ ಗುರುತಿಸಲು ಪರಿಣತರನ್ನೇ ಕರೆಸುತ್ತಿದ್ದುದು ದಾಖಲಾಗಿದೆ. ಆ ಅನುಭವಕ್ಕೆ ಶರೀರಕ್ರಿಯಾಶಾಸ್ತ್ರದ ಬೆಂಬಲವೂ ಇದೆ: ಬೀಜಕ್ಕೆ ಹೋಗುತ್ತಿದ್ದ ಆಹಾರ ಹೂವಿನಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರಶ್ನೆ ಬೆಳೆಗಾರ ಮತ್ತು ವಿಜ್ಞಾನಿ ಇವರಲ್ಲಿ ಯಾರು ದೊಡ್ಡವರು ಎಂಬುದಲ್ಲ. ಯಾವ ಅನುಭವ ಪರೀಕ್ಷೆಯನ್ನು ದಾಟಿದೆ ಎಂಬುದು.

ಎಲೆ ಕಿತ್ತ ಅನುಭವ ಎಲ್ಲಿ ಎಡವುತ್ತದೆ ನೋಡಿ. ಮೊದಲನೆಯದಾಗಿ, ಹೂ ಹಂತದ ಮೂರನೆಯ ವಾರದ ನಂತರ ಹೂಗೊಂಚಲು ಹೇಗೂ ಉಬ್ಬುವ ಕಾಲ. ಆ ದಿನಗಳಲ್ಲಿ ಎಲೆ ಕಿತ್ತರೂ ಉಬ್ಬುತ್ತದೆ, ಕೀಳದಿದ್ದರೂ ಉಬ್ಬುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಕತ್ತರಿಗೆ ಕೀರ್ತಿ ಸಲ್ಲುತ್ತದೆ. ಎರಡನೆಯದಾಗಿ, ಎಲೆ ತೆಗೆದ ಮೇಲೆ ಮರೆಯಾಗಿದ್ದ ಹೂವು ಕಣ್ಣಿಗೆ ಬೀಳುತ್ತದೆ. ಕಂಡದ್ದು ಹೆಚ್ಚಿತು, ಇದ್ದದ್ದು ಹೆಚ್ಚಿತೆ? ಅದನ್ನು ತಕ್ಕಡಿ ಹೇಳಬೇಕು, ಛಾಯಾಚಿತ್ರವಲ್ಲ. ಮೂರನೆಯದಾಗಿ, ಹೊಸ ಪದ್ಧತಿ ಹಿಡಿಯುವ ಬೆಳೆಗಾರ ಅದೇ ಹಂಗಾಮಿನಲ್ಲಿ ದೀಪ, ಗೊಬ್ಬರ, ತಳಿಯನ್ನೂ ಬದಲಿಸಿರುತ್ತಾನೆ. 'ಒಂದು ದೀಪಕ್ಕೆ ಇಷ್ಟು ತೂಕ' ಎಂಬ ಲೆಕ್ಕದಲ್ಲಿ ಇವೆಲ್ಲ ಸೇರಿರುತ್ತವೆ. ಎಲೆಯ ಪಾಲು ಎಷ್ಟೆಂದು ಅದರಿಂದ ಬಿಡಿಸಿ ಹೇಳಲಾಗುವುದಿಲ್ಲ. ಇಷ್ಟಕ್ಕೂ ಕಾರಣ ಒಂದೇ: ಪಕ್ಕದಲ್ಲಿ ಎಲೆ ಕೀಳದ, ಉಳಿದೆಲ್ಲ ವಿಷಯದಲ್ಲಿ ಸಮನಾದ ಗಿಡಗಳಿರುವುದಿಲ್ಲ.

ನಿಮ್ಮ ಶಾಲೆಯಲ್ಲಿಯೇ ಪರೀಕ್ಷಿಸಿ

ಗಾಂಜಾ ನಮಗೆ ಬೇಡ. ತತ್ತ್ವವನ್ನು ಪರೀಕ್ಷಿಸಲು ಅಲಸಂದೆ ಸಾಕು. ಅದರ ಪ್ರತಿ ಎಲೆಯಲ್ಲಿ ಮೂರು ಕಿರುಎಲೆಗಳಿರುವುದರಿಂದ ಒಂದನ್ನು ತೆಗೆದರೆ ಸುಮಾರು ಮೂರನೇ ಒಂದು ಪಾಲು, ಎರಡನ್ನು ತೆಗೆದರೆ ಮೂರನೇ ಎರಡು ಪಾಲು ಎಲೆ ಹೋಯಿತು ಎಂಬ ಲೆಕ್ಕ ಸುಲಭ.

ಒಂದೇ ಅಳತೆಯ ಕುಂಡಗಳಲ್ಲಿ ಒಂದೇ ಮಣ್ಣು ತುಂಬಿ 24 ಗಿಡ ಬೆಳೆಸಿ. ಮೊದಲ ಹೂ ಅರಳಿದಾಗ ಚೀಟಿ ಎತ್ತಿ ಆರಾರರ ನಾಲ್ಕು ಗುಂಪು ಮಾಡಿ. ಚೆನ್ನಾಗಿರುವುದನ್ನು ನೀವೇ ಆರಿಸಬೇಡಿ. ಪಕ್ಷಪಾತ ನುಸುಳುವುದು ಅಲ್ಲಿಯೇ. ಮೊದಲ ಗುಂಪಿನ ಎಲೆ ತೆಗೆಯಬೇಡಿ. ಎರಡನೆಯದರಲ್ಲಿ ಪ್ರತಿ ಎಲೆಯಿಂದ ಒಂದು ಕಿರುಎಲೆ, ಮೂರನೆಯದರಲ್ಲಿ ಎರಡು ತೆಗೆಯಿರಿ. ನಾಲ್ಕನೆಯ ಗುಂಪು ಮುಖ್ಯವಾದದ್ದು: ಎಲೆ ಕೀಳದೆ, ಹೂವಿಗೆ ಬೆಳಕು ಬೀಳುವಂತೆ ಎಲೆಗಳನ್ನು ದಾರದಿಂದ ಪಕ್ಕಕ್ಕೆ ಕಟ್ಟಿ. ನೀರು ಎಲ್ಲಕ್ಕೂ ಒಂದೇ ಅಳತೆ. ವಾರಕ್ಕೊಮ್ಮೆ ಕುಂಡಗಳ ಜಾಗ ಬದಲಿಸಿ. ಕೊನೆಗೆ ಪ್ರತಿ ಗಿಡದ ಕಾಯಿ ಎಣಿಸಿ, ಕಾಳನ್ನು ಒಣಗಿಸಿ ತೂಗಿ. ತೂಗುವ ವಿದ್ಯಾರ್ಥಿಗೆ ಯಾವ ಕಾಳು ಯಾವ ಗುಂಪಿನದೆಂದು ತಿಳಿದಿರಬಾರದು.

ಹೂವಿಗೆ ಬೆಳಕು ಬೀಳುವುದೇ ಲಾಭದ ಕಾರಣವಾದರೆ ನಾಲ್ಕನೆಯ ಗುಂಪು ಮೊದಲನೆಯದನ್ನು ಮೀರಬೇಕು. ಎಲೆಯ ನಷ್ಟವೇ ಮುಖ್ಯವಾದರೆ ಎರಡು ಮತ್ತು ಮೂರನೆಯ ಗುಂಪು ಹಿಂದುಳಿಯಬೇಕು. ಎರಡನೆಯ ಗುಂಪು ಮೊದಲನೆಯದಕ್ಕೆ ಸಮನಾಗಿ ಬಂದರೆ, ಉಳಿದ ಎಲೆಗಳು ಹೆಚ್ಚು ದುಡಿದು ನಷ್ಟ ತುಂಬಿಕೊಟ್ಟಿರಬಹುದು. ಅದನ್ನು ಲಾಭವೆಂದು ಬರೆದುಕೊಳ್ಳಬೇಡಿ. ಒಂದೇ ಗುಂಪಿನ ಆರು ಗಿಡಗಳ ನಡುವೆಯೇ ಎಷ್ಟು ವ್ಯತ್ಯಾಸವಿದೆ ಎಂದು ಮೊದಲು ನೋಡಿ. ಗುಂಪುಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದಾಗಿದ್ದರೆ ಮಾತ್ರ ಅದಕ್ಕೆ ಅರ್ಥ. ಅಲಸಂದೆಯ ಫಲಿತಾಂಶ ಗಾಂಜಾದ ಬಗ್ಗೆ ತೀರ್ಪು ಕೊಡುವುದಿಲ್ಲ, ನಿಜ. ಆದರೆ ಗಾಂಜಾ ಬೆಳೆಗಾರರು ಬೆಳಕಿನ ಲಾಭವನ್ನೂ ಎಲೆಯ ನಷ್ಟವನ್ನೂ ಬೇರ್ಪಡಿಸದೆ ಬಿಟ್ಟದ್ದನ್ನು ನಿಮ್ಮ ವಿದ್ಯಾರ್ಥಿಗಳು ಬೇರ್ಪಡಿಸಿ ನೋಡಿರುತ್ತಾರೆ.

ಒಟ್ಟಿನಲ್ಲಿ ಹೇಳುವುದಾದರೆ, ರೋಗ ಹಿಡಿದ ಎಲೆ, ತಾನಾಗಿ ಹಳದಿಯಾದ ಎಲೆ, ಗಾಳಿಗೆ ಅಡ್ಡವಾದ ಕೆಲವು ಎಲೆ ತೆಗೆಯುವುದಕ್ಕೆ ಕಾರಣವಿದೆ. ಹೂ ಬಿಟ್ಟ ಗಿಡದ ಹಸಿರೆಲೆಗಳನ್ನೆಲ್ಲ ಬೋಳಿಸಿದರೆ ಹೂವು ಹೆಚ್ಚುತ್ತದೆ ಎಂಬುದಕ್ಕೆ ಇಲ್ಲಿ ನೋಡಿದ ನಾಲ್ಕು ವಾದಗಳಲ್ಲಿ ಯಾವುದೂ ಪುರಾವೆಯಾಗುವುದಿಲ್ಲ. ಮುಂದೆ ಯಾರಾದರೂ ನಿಮ್ಮೂರಿನ ಬದನೆಗೋ ಟೊಮ್ಯಾಟೊಗೋ ಇಂಥದೇ ಸಲಹೆ ಕೊಟ್ಟರೆ ಅವರೊಡನೆ ಜಗಳ ಬೇಡ. 'ಎಲೆ ಕೀಳದ ಸಾಲು ಎಲ್ಲಿದೆ, ತೋರಿಸಿ' ಎಂದು ಕೇಳಿ. ತೋರಿಸಲು ಸಾಲಿಲ್ಲದಿದ್ದರೆ ಮುಂದಿನ ಹಂಗಾಮಿನಲ್ಲಿ ಒಂದು ಸಾಲನ್ನು ಹಾಗೆಯೇ ಬಿಡಲು ಒಪ್ಪಿಸಿ.